ಅತ್ಯಾ ಮ್ಯಾಟ್ರಿಕ್ ಕಟ್ಟಿದ ವರ್ಷ

ಬೆಟಗೇರಿ
ಡಿಸೆಂಬರ್ ೧೯೮೮

ಪ್ರೀತಿಯ ತಾರಾ ಅತ್ಯಾ,

ಬೆಟಗೇರಿಯ ಮನೆಯಿಂದ ನಿನ್ನ ವಿಮಲಿಯ ನಮಸ್ಕಾರ. ನಿನ್ನ ಪತ್ರ ಬಂದು ವಾರದ ಮೇಲಾಯಿತು. ಮಾಗಡಿಯ ಕೆರೆಗೆ ಈ ಸಲವೂ ಹಕ್ಕಿಗಳು ಇಳಿದಿವೆಯೆಂದೂ, ಬಾಲವಾಡಿಯ ಹುಡುಗರು ಅವುಗಳಂತೆಯೇ ಕುತ್ತಿಗೆ ಉದ್ದ ಮಾಡಿಕೊಂಡು ನಡೆಯುತ್ತಾರೆಂದೂ ಬರೆದದ್ದನ್ನು ಊಟದ ಹೊತ್ತಿಗೆ ಗಟ್ಟಿಯಾಗಿ ಓದಿದೆ. ಅಪ್ಪ, ಅಮ್ಮ ಇಬ್ಬರೂ ನಕ್ಕರು. ಅಪ್ಪನ ಬಗ್ಗೆ ಬರೆದ ಕೊನೆಯ ಸಾಲುಗಳನ್ನು ಮಾತ್ರ ಅವರಿಗೆ ಓದಲಿಲ್ಲ.

“ಅವ್ವ ಹೋದ ಮ್ಯಾಲೆ ದತ್ತಣ್ಣ ಪ್ರತಿ ಪತ್ರದಾಗೂ ಅದನ್ನಽ ಬರೀತಾನ. ಒಬ್ಬಾಕಿನಽ ಆ ಊರಾಗ ಯಾಕ ಇರ್ತಿ, ಹೊಸಾ ಮನ್ಯಾಗ ನಿನಗೊಂದು ಕೋಣಿ ತೆಗದಿಟ್ಟೇನಿ, ಕೆಲಸ ಬಿಟ್ಟು ಬಂದ್ಬಿಡು ಅಂತ. ನನಗಂತೂ ತಿಳೀವಲ್ದು. ನೀನಽ ಹೇಳು ವಿಮಲೀ, ಬರ್ಲ್ಯೊ ಬ್ಯಾಡೊ?”

ಇಷ್ಟು ದಿನ ಉತ್ತರ ಬರೆಯದೆ ಇದ್ದದ್ದಕ್ಕೆ ಸಿಟ್ಟಾಗಬೇಡ. ಕೇಳುವುದು ನಾನು, ಹೇಳುವುದು ನೀನು, ಇದು ನಮ್ಮಿಬ್ಬರ ರೂಢಿ. ತಿರುವುಮುರುವಾದದ್ದು ಇದೇ ಮೊದಲು. ಬರಿ ಬಾ, ಬೇಡ ಎಂದು ಕಾರ್ಡಿನಲ್ಲಿ ಗೀಚಿ ಹಾಕಲು ಮನಸ್ಸಾಗಲಿಲ್ಲ. ಇವತ್ತು ರವಿವಾರ, ಶಾಲೆಯ ಗದ್ದಲವಿಲ್ಲ, ಕುಳಿತಿದ್ದೇನೆ.

ನನಗೆ ತಿಳಿವಳಿಕೆ ಬಂದಾಗಿನಿಂದ ನೀನು ನಮ್ಮ ಮನೆಯಲ್ಲೇ ಇದ್ದೆ. ನೀನು ಅಪ್ಪನ ತಂಗಿ, ಮದುವೆಯಾಗಿ ಗದಗಿಗೆ ಹೋಗಿ, ಹೊಸ ಸೀರೆಗಳ ಮಡಿಕೆ ಬಿಚ್ಚುವುದರೊಳಗೆ ಗಂಡನನ್ನು ಕಳೆದುಕೊಂಡು ತಿರುಗಿ ಬಂದವಳು ಎಂಬುದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಚಿಕ್ಕವಳಿದ್ದಾಗ, ಎಲ್ಲರ ಮನೆಯಲ್ಲೂ ಒಬ್ಬ ಅಮ್ಮ, ಒಬ್ಬ ಅತ್ಯಾ ಇದ್ದೇ ಇರುತ್ತಾರೆ ಎಂದು ತಿಳಿದಿದ್ದೆ. ಅತ್ಯಾ ಇಲ್ಲದ ಗೆಳತಿಯರನ್ನು ಕಂಡರೆ ಪಾಪ ಅನಿಸುತ್ತಿತ್ತು.

ಅಪ್ಪನ ಅಂಚೆ ಕಚೇರಿಯ ಗುಮಾಸ್ತಿಕೆಯಿಂದಾಗಿ ನಾವು ಊರೂರು ತಿರುಗಿದೆವು. ಮೊದಲು ಶಿರಹಟ್ಟಿ. ಅಲ್ಲಿ ಫಕೀರೇಶ್ವರ ಮಠದ ಹತ್ತಿರದ ಓಣಿಯಲ್ಲಿ ಮನೆ. ನಾನು ಮೂರನೆಯದೋ ನಾಲ್ಕನೆಯದೋ ಇಯತ್ತೆ. ಮನೆಯ ಅಡಿಗೆಯೆಲ್ಲ ನಿನ್ನದು, ಅಜ್ಜಿಯ ಮಡಿಯೂಟವೂ ನಿನ್ನದು. ಮಧ್ಯಾಹ್ನ ಅಜ್ಜಿ ಅಡ್ಡಾದ ಕೂಡಲೆ ನೀನು ಹಿತ್ತಲಕಡೆ ಹೊಸ್ತಿಲಲ್ಲಿ ಕುಳಿತು ಓದುತ್ತಿದ್ದೆ. ಊರ ವಾಚನಾಲಯಕ್ಕೆ ಗಂಡಸರು ಮಾತ್ರ ಹೋಗುತ್ತಿದ್ದರು. ಅಪ್ಪನ ಹೆಸರಿನ ಕಾರ್ಡು ಹಿಡಿದು ಪುಸ್ತಕ ತರುವ ಕೆಲಸ ನನಗೆ ಬಂತು.

ಅಲ್ಲಿ ಪುಸ್ತಕ ಕೊಡಲು ನಜೀರಸಾಬರು ಕುಳಿತಿರುತ್ತಿದ್ದರು. ಬಿಳಿ ಗಡ್ಡ, ಮೂಗಿನ ತುದಿಗೆ ಜಾರಿದ ಕನ್ನಡಕ. ನನ್ನಷ್ಟೇ ಭಾರದ ಕಾದಂಬರಿಗಳನ್ನು ನಾನು ಎದೆಗವಚಿಕೊಂಡು ಹೋಗುವುದನ್ನು ಕೆಲವು ದಿನ ನೋಡಿದರು. ಒಂದು ದಿನ ಪುಸ್ತಕ ತಿರುಗಿ ಕೊಡುವಾಗ ಹಿಡಿದು ನಿಲ್ಲಿಸಿದರು.

“ಏ ತಂಗಿ, ಇದರಾಗ ಕಡೀಕ ಆ ಸೊಸಿ ಏನ ಮಾಡಿದ್ಲು?”

ಸೊಸೆ ಇದ್ದಳೆಂಬುದೇ ನನಗೆ ಗೊತ್ತಿರಲಿಲ್ಲ. ಕಾಲ ಹೆಬ್ಬೆರಳಿನಿಂದ ನೆಲ ಕೆರೆಯುತ್ತ ನಿಂತೆ.

“ಓದಾಂಗಿಲ್ಲಂದ್ರ ಯಾಕ ಒಯ್ತಿ? ಖರೇನಽ ಓದಾಕ ಬೇಕಾದವರು ಬ್ಯಾರೆ ಇರ್ತಾರವಾ.”

ಅಳುತ್ತ ಮನೆಗೆ ಬಂದೆ. ನೀನು ಅಕ್ಕಿ ಆರಿಸುತ್ತಿದ್ದೆ. ಮೊರವನ್ನು ತೊಡೆಯ ಮೇಲಿಟ್ಟುಕೊಂಡೇ ಆ ಕಾದಂಬರಿಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಸೊಸೆ ಮನೆಯ ಕೀಲಿಕೈಗಳನ್ನು ತುಳಸಿಕಟ್ಟೆಯ ಮೇಲಿಟ್ಟು ಹೊರಟುಹೋದಳು ಎಂದಾಗ ನಿನ್ನ ಕೈ ಅಕ್ಕಿಯಲ್ಲೇ ನಿಂತುಬಿಟ್ಟಿತ್ತು. ಮರುದಿನ ನಾನು ನಜೀರಸಾಬರ ಮುಂದೆ ನಿಂತು ಎಲ್ಲವನ್ನೂ ಒಪ್ಪಿಸಿದೆ. ಅವರು ಮತ್ತೊಂದು ಕೊಟ್ಟರು. ಅದರ ಕತೆಯನ್ನೂ ಕೇಳುತ್ತಾರೆಂಬ ಹೆದರಿಕೆಗೆ ದಾರಿಯಲ್ಲೇ ಪುಟ ತೆರೆದೆ. ಓದುತ್ತ ನಡೆದು ಓಣಿಯಲ್ಲಿ ಕಟ್ಟಿದ್ದ ಎಮ್ಮೆಗೆ ಡಿಕ್ಕಿ ಹೊಡೆದದ್ದು ನೆನಪಿದೆಯೇ? ಮೊಣಕಾಲು ತರಚಿತ್ತು. ನೀನು ಅರಿಸಿನ ಹಚ್ಚುತ್ತ ಕೇಳಿದ್ದು, “ಎಲ್ಲೀತನಕ ಓದಿದಿ?” ಎಂದು!

ನಾನು ಓದುವವಳಾದದ್ದು ಹೀಗೆ. ಯಾರ ಉಪದೇಶದಿಂದಲೂ ಅಲ್ಲ. ಒಬ್ಬ ಮುದುಕರ ಪ್ರಶ್ನೆಗೆ ಹೆದರಿ, ಒಬ್ಬ ಅತ್ಯಾಳ ಕತೆಗೆ ಆಸೆಪಟ್ಟು.

ಕೆಲವೇ ದಿನಗಳಲ್ಲಿ ನಜೀರಸಾಬರಿಗೆ ಗುಟ್ಟು ತಿಳಿಯಿತು. “ಇದು ನಿನ್ನ ಮಾತಲ್ಲ ಬಿಡು. ಮನ್ಯಾಗ ಯಾರು ಓದ್ತಾರ?” ಎಂದರು. “ನಮ್ಮ ಅತ್ಯಾ” ಅಂದೆ. ಅವರು ಎದ್ದು, ಸ್ಟೂಲು ಹತ್ತಿ, ಮೇಲಿನ ಸಾಲಿನಿಂದ ಒಂದು ಪುಸ್ತಕ ತೆಗೆದು ತಮ್ಮ ಅಂಗಿಯ ಚುಂಗಿನಿಂದಲೇ ಧೂಳು ಒರೆಸಿದರು. “ಇದನ್ನ ಅವರಿಗೆ ಕೊಡು. ಮತ್ತ ನಾ ಹೇಳಿದೆ ಅಂತ ಹೇಳು, ಇಲ್ಲಿಗೆ ಬಂದು ತಾವಽ ಆರಿಸಿಕೊಂಡ್ರ ಛಲೋ ಆಕ್ಕೈತಿ. ಹೆಣ್ಮಕ್ಕಳು ಬರಬಾರದು ಅಂತ ಇಲ್ಲೇನೂ ಬೋರ್ಡ್ ಹಾಕಿಲ್ಲ.”

ಎಷ್ಟೋ ದಿನ ನೀನು ಪುಸ್ತಕಕ್ಕೆ ನನ್ನನ್ನೇ ಕಳಿಸಿದೆ. ಆಮೇಲೆ ಒಂದು ಮಧ್ಯಾಹ್ನ, ಅಜ್ಜಿ ಮಲಗಿದ್ದಾಗ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನನ್ನ ಕೈ ಹಿಡಿದು ಹೊರಟೆ. ವಾಚನಾಲಯದಲ್ಲಿ ಪೇಪರು ಓದುತ್ತಿದ್ದ ಗಂಡಸರೆಲ್ಲ ತಲೆ ಎತ್ತಿದರು. ನೀನು ನನ್ನ ಕೈ ಬಿಡದೆ ಒಳಗೆ ನಡೆದೆ. ನಜೀರಸಾಬರು ಎದ್ದು ನಿಂತು, “ಬರ್ರಿ ತಾಯಿ, ಕುಂಡ್ರಿ” ಎಂದರು. ನೀನು ಕೂಡಲಿಲ್ಲ. ಕಪಾಟಿನ ಮುಂದೆ ನಿಂತು, ಒಂದೊಂದೇ ಪುಸ್ತಕದ ಬೆನ್ನು ಸವರುತ್ತ ಈ ತುದಿಯಿಂದ ಆ ತುದಿಗೆ ಹೋದೆ, ಮತ್ತೆ ಬಂದೆ. ಕೊನೆಗೆ ಬರಿಗೈಯಲ್ಲಿ ಹೊರಗೆ ಬಂದುಬಿಟ್ಟೆ! ಯಾಕೆ ಅತ್ಯಾ ಎಂದರೆ, “ಅಷ್ಟೊಂದು ಇದ್ದಾಗ ಒಂದನ್ನ ಹ್ಯಾಂಗ ಆರಿಸೂದು ವಿಮಲೀ? ಉಳಿದಾವಕ್ಕ ಏನನಸಬ್ಯಾಡ?” ಎಂದೆ. ಮರುದಿನ ಮತ್ತೆ ಹೋದೆವು. ಅಂದಿನಿಂದ ಕಾರ್ಡು ನಿನ್ನ ಕೈಯಲ್ಲೇ.

ಆಮೇಲೆ ಲಕ್ಷ್ಮೇಶ್ವರ. ನಾನು ಹೈಸ್ಕೂಲು ಸೇರಿದೆ. ಊರು ದೊಡ್ಡದು, ಪೇಟೆ ದೊಡ್ಡದು. ನಮಗೆ ಇಷ್ಟವಾದದ್ದು ಮಾತ್ರ ಸೋಮೇಶ್ವರ ಗುಡಿಯ ಬಾವಿಯ ಮೆಟ್ಟಿಲು. ಸಂಜೆ ಅಲ್ಲಿ ಕುಳಿತು ನೀನು ಒಂದು ಅಧ್ಯಾಯ, ನಾನು ಒಂದು ಅಧ್ಯಾಯ ಗಟ್ಟಿಯಾಗಿ ಓದುತ್ತಿದ್ದೆವು. ಕತೆ ಬಿಗಿಯಾದಲ್ಲಿ ನಿನ್ನ ಪಾಳಿ ಮುಗಿದರೂ ನೀನು ಪುಸ್ತಕ ಬಿಡುತ್ತಿರಲಿಲ್ಲ. ಹೀಗೊಮ್ಮೆ ಅರ್ಧಕ್ಕೆ ಉಳಿದ ಕಾದಂಬರಿಯನ್ನು ನಾನು ನಿನಗೆ ತಿಳಿಯದಂತೆ ಶಾಲೆಗೆ ಒಯ್ದೆ. ಗಣಿತದ ಮಾರ್ತಾಂಡ ಮಾಸ್ತರರು ತರಗತಿಯಲ್ಲೇ ಹಿಡಿದರು. ಪುಸ್ತಕ ಅವರ ಮೇಜಿನ ಖಾನೆ ಸೇರಿತು, ನಾನು ಬೆಂಚಿನ ಮೇಲೆ ನಿಂತೆ. “ನಾಳೆ ಮನಿಯಿಂದ ಹಿರ್ಯಾರನ್ನ ಕರಕೊಂಡು ಬಾ” ಎಂದರು.

ಅಪ್ಪನಿಗೆ ಹೇಳುವ ಧೈರ್ಯವಿರಲಿಲ್ಲ. ನೀನೇ ಬಂದೆ. ಮಾಸ್ತರರ ಕೋಣೆಯಲ್ಲಿ ನಡೆದದ್ದನ್ನು ನಾನು ಎಷ್ಟು ಜನರಿಗೆ ಹೇಳಿ ನಗಿಸಿದ್ದೇನೋ!

“ನೀವು ಹುಡುಗೀ ತಾಯೇನ್ರಿ?”

“ಅತ್ಯಾ ರೀ.”

“ನೋಡ್ರಿ ಬಾಯಿ, ಗಣಿತದ ತಾಸಿನಾಗ ಕಾದಂಬರಿ ಓದ್ತಾಳ ನಿಮ್ಮ ಹುಡುಗಿ.”

“ಅದು ಆಕೀದು ತಪ್ಪಽರಿ. ನೀವು ಏನ ಶಿಕ್ಷಾ ಕೊಟ್ರೂ ನಾ ಬ್ಯಾಡನ್ನೂದುಲ್ಲ. ಆದ್ರ ಆ ಪುಸ್ತಕ ಕೊಟ್ಟುಬಿಡ್ರಿ. ಅದು ಲೈಬ್ರರೀದು. ಮತ್ತ...” ನೀನು ದನಿ ತಗ್ಗಿಸಿ ಹೇಳಿದೆ, “ನಂದೂ ಇನ್ನೂ ಮುಗದಿಲ್ಲರಿ.”

ಮಾರ್ತಾಂಡ ಮಾಸ್ತರರು ನಕ್ಕದ್ದನ್ನು ನಮ್ಮ ಶಾಲೆಯಲ್ಲಿ ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ. ಖಾನೆ ಎಳೆದು ಪುಸ್ತಕ ತೆಗೆದರು. ಕೊಡುವ ಮೊದಲು ಕೇಳಿದರು, “ಎಲ್ಲೀತನಕ ಕಲ್ತೀರಿ?”

“ಮುಲ್ಕಿ. ಕೇಂದ್ರಕ್ಕ ಮೊದಲನೇ ನಂಬರ ಬಂದಿದ್ದೆ” ಅಂದೆ. ಏಳನೆಯ ಇಯತ್ತೆಯ ಆ ಪರೀಕ್ಷೆಯ ಮಾತನ್ನು ನೀನು ನನ್ನ ಮುಂದೆ ಸಹ ಎಂದೂ ಆಡಿರಲಿಲ್ಲ.

“ಹಂಗಾದ್ರ ಮ್ಯಾಟ್ರಿಕ್ ಯಾಕ ಕಟ್ಟಲಿಲ್ಲ? ಈಗೂ ಆಗ್ತದ. ಶಾಲಿಗೆ ಬರಬೇಕಂತಿಲ್ಲ, ಮನ್ಯಾಗ ಓದಿ ಹೊರಗಿನಿಂದ ಕೂಡಲಿಕ್ಕೆ ಬರ್ತದ. ವಯಸ್ಸಿನ ಅಡ್ಡಿ ಏನೂ ಇಲ್ಲ.”

ನೀನು ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ಮುಂದೆ ನಡೆದೆ. ನನಗೆ ಬೈಗುಳ ಬೀಳುತ್ತದೆಂದು ನಾನು ಹಿಂದೆಹಿಂದೆ ನಡೆಯುತ್ತಿದ್ದೆ. ಪೇಟೆ ದಾಟಿ ನಮ್ಮ ಓಣಿಗೆ ತಿರುಗುವಲ್ಲಿ ನೀನು ನಿಂತು ಕೇಳಿದ್ದು ಬೇರೆಯೇ. “ವಿಮಲೀ, ಈ ಬೀಜಗಣಿತ ಅಂದ್ರ ಏನು?”

ಮಾಸ್ತರರ ಆ ಮಾತನ್ನು ನೀನು ಮನಸ್ಸಿನಲ್ಲೇ ಇಟ್ಟುಕೊಂಡು ಎರಡು ವರ್ಷ ಕಾದೆ. ಹೊರಗೆ ಬಂದದ್ದು ಮುಂಡರಗಿಗೆ ವರ್ಗವಾದ ಮೇಲೆ, ನಾನು ಹತ್ತನೆಯ ಇಯತ್ತೆಗೆ ಬಂದಾಗ. ಮಧ್ಯಾಹ್ನದ ಊಟಕ್ಕೆ ಬಡಿಸುತ್ತ, ಅಪ್ಪನ ತಾಟಿಗೆ ಸಾರು ಹಾಕಿ, ನೆಲ ನೋಡುತ್ತ ಹೇಳಿದೆ, “ದತ್ತಣ್ಣಾ, ಈ ವರ್ಷ ವಿಮಲಿ ಜೋಡಿ ನಾನೂ ಪರೀಕ್ಷಾ ಕಟ್ತೀನಿ.” ಅಪ್ಪ ತುತ್ತು ಹಿಡಿದುಕೊಂಡೇ ಅಜ್ಜಿಯ ಮುಖ ನೋಡಿದ.

“ಹುಚ್ಚು ಹಿಡದದೇನು ನಿನಗ?” ಎಂದಳು ಅಜ್ಜಿ. “ಇಷ್ಟು ವಯಸ್ಸಿಗೆ ಲಂಗದ ಹುಡುಗೂರ ಮಗ್ಗಲದಾಗ ಕೂತು ಪರೀಕ್ಷಾ ಬರೀತಾಳಂತ! ಊರಾಗ ನಾ ಹ್ಯಾಂಗ ತಲಿ ಎತ್ತಿ ತಿರಗಲಿ?”

ಅಪ್ಪ ಎಂದಿನಂತೆ ಎರಡೂ ಕಡೆ ಆಗದೆ ಕೈ ತೊಳೆದುಕೊಂಡು ಎದ್ದುಹೋದ. ನೀನು ಅಳಲಿಲ್ಲ, ಜಗಳಾಡಲಿಲ್ಲ. “ಕಟ್ತೀನಿ ಅವ್ವಾ” ಎಂದಷ್ಟೇ ಅಂದೆ. ಅಜ್ಜಿಗೆ ಅದಕ್ಕೇ ಹೆಚ್ಚು ಸಿಟ್ಟು ಬಂತು. “ಹಂಗಾದ್ರ ಇವತ್ತಿನಿಂದ ನಿನ್ನ ಕೈಯಾನ ಅಡಗಿ ನಾ ಉಣ್ಣೂದುಲ್ಲ. ನನ್ನ ಅಡಗಿ ನಾನಽ ಮಾಡ್ಕೋತೀನಿ. ಒಂದಽ ಒಲೀ ಮ್ಯಾಲೆ ಎರಡು ಅಡಗಿ ಆಗೂದುಲ್ಲ, ಎಲ್ಲಾರಿಗೂ ನಾನಽ ಮಾಡ್ತೀನಿ. ನೀ ಅಡಗೀಮನ್ಯಾಗ ಕಾಲಿಡಬ್ಯಾಡ!”

ಹೀಗೆ ನಮ್ಮ ಅಜ್ಜಿ ಭಾಗೀರಥಿಬಾಯಿಯವರ ಮುಷ್ಕರ ಶುರುವಾಯಿತು. ಆ ಹೊತ್ತಿಗೆ ತಮ್ಮ ಗೋಪಾಲ ಕೈಕೂಸು, ಅಮ್ಮನಿಗೆ ಅವನದೇ ಆಗಿತ್ತು. ಅಜ್ಜಿಗೆ ಕಣ್ಣು ಮಂಜು. ಸಾರಿಗೆ ಒಂದು ದಿನ ಉಪ್ಪೇ ಇರುತ್ತಿರಲಿಲ್ಲ, ಒಂದು ದಿನ ಎರಡು ಸಲ ಬಿದ್ದಿರುತ್ತಿತ್ತು. ಯಾರೂ ಪಿಟ್ಟೆನ್ನದೆ ಉಂಡೆವು. ಅಜ್ಜಿ ನಿನ್ನೊಡನೆ ಮಾತನ್ನೂ ಬಿಟ್ಟಳು. ಏನಿದ್ದರೂ ನನ್ನ ಮೂಲಕವೇ. ನೀನು ಎದುರಿಗೇ ಕುಳಿತಿದ್ದರೂ, “ವಿಮಲೀ, ನಿಮ್ಮ ಅತ್ಯಾಗ ಹೇಳು, ಹಾಲು ಆರಿಹೋಗ್ತದಂತ.” ನೀನೂ ಗಂಭೀರವಾಗಿ, “ವಿಮಲೀ, ನಿಮ್ಮಜ್ಜಿಗೆ ಹೇಳು, ಕುಡೀತೀನಂತ.”

ನಿನಗೆ ಬೆಳಗಿನ ಹೊತ್ತು, ಸಂಜೆಯ ಹೊತ್ತು ಪೂರ್ತಿ ಸಿಕ್ಕಿದ್ದು ಆ ಮುಷ್ಕರದಿಂದಲೇ. ಅಡಿಗೆ ನಿನ್ನ ತಲೆಯ ಮೇಲಿದ್ದಿದ್ದರೆ ನೀನು ಓದುತ್ತಿದ್ದುದು ಯಾವಾಗ? ಅಜ್ಜಿ ಸಿಟ್ಟಿನಿಂದ ಮಾಡಿದಳೋ, ತಿಳಿದೇ ಮಾಡಿದಳೋ ನನಗೆ ಇಂದಿಗೂ ಬಗೆಹರಿದಿಲ್ಲ. ಒಂದು ಸಲ ಕೇಳಿಯೇಬಿಟ್ಟಿದ್ದೆ. “ನಿನಗ ಬ್ಯಾರೆ ಕೆಲಸಿಲ್ಲೇನು?” ಎಂದು ಗದರಿಸಿ ಕಳಿಸಿದಳು.

ಆ ವರ್ಷ ನಾವಿಬ್ಬರೂ ಒಬ್ಬರಿಗೊಬ್ಬರು ಮಾಸ್ತರರಾದೆವು. ಹಳಗನ್ನಡದ ಪದ್ಯಗಳನ್ನು ನೀನು ರಾಗ ಹಾಕಿ ಓದಿ ಬಿಡಿಸಿದರೆ ಕಲ್ಲುಸಕ್ಕರೆ ಬಾಯಲ್ಲಿ ಕರಗಿದ ಹಾಗೆ ಇರುತ್ತಿತ್ತು. ಇತಿಹಾಸದ ರಾಜರೆಲ್ಲ ನಿನ್ನ ಬಾಯಲ್ಲಿ ನಮ್ಮ ಓಣಿಯ ಗಂಡಸರಂತೆ ಜಗಳಾಡುತ್ತಿದ್ದರು. ಗಣಿತ ಮಾತ್ರ ನಾನು ಹೇಳಿಕೊಡಬೇಕು. ಬೀಜಗಣಿತ ತೆಗೆದರೆ ನಿನಗೆ ಸಿಟ್ಟು. “ಈ ಎಕ್ಸ್ ಅನ್ನಾಂವ ಯಾರ ಪೈಕಿ? ಪ್ರತಿ ಲೆಕ್ಕದಾಗೂ ಕಳಕೊಂಡು ಹೋಗ್ತಾನ, ನಾವು ಹುಡುಕಬೇಕು. ನಿನ್ನೆ ಒಂದು ಸಿಕ್ಕಿದ್ದ, ಇವತ್ತ ಮತ್ತೊಂದು ಆಗ್ಯಾನ!” ನಾನು ನಗುತ್ತಿದ್ದೆ, ನೀನೂ ನಗುತ್ತಿದ್ದೆ. ನಕ್ಕು ಮುಗಿದ ಮೇಲೆ ನೀನು ಅದೇ ಲೆಕ್ಕವನ್ನು ಮತ್ತೆ ಹೊಸದಾಗಿ ಬರೆಯುತ್ತಿದ್ದೆ.

ಪರೀಕ್ಷೆಗೆ ಗದಗಿಗೆ ಹೋದೆವು. ಡಂಬಳದ ಕೆರೆಯ ಪಕ್ಕದಲ್ಲಿ ಬಸ್ಸು ಹೋಗುವಾಗ ನೀನು ಪುಸ್ತಕ ಮುಚ್ಚಿ ಕಿಟಕಿಯಿಂದ ನೋಡಿದೆ. ದೂರದಲ್ಲಿ ಕಪ್ಪತಗುಡ್ಡದ ಸಾಲು. “ಮದಿವಿ ಆಗಿ ಹೋಗೂಮುಂದ ಇದಽ ಊರಿಗೆ ಹೊಂಟಿದ್ದೆ ನೋಡು. ಏನೂ ನೋಡಿರಲಿಲ್ಲ. ತಲಿ ತಗ್ಗಿಸಿ ಕೂತಿದ್ದೆ” ಎಂದೆ. ಮತ್ತೆ ಪುಸ್ತಕ ತೆರೆದೆ.

ಮೊದಲ ದಿನ ನಿನ್ನನ್ನು ನಿನ್ನ ಕೋಣೆಯವರೆಗೆ ಬಿಡಲು ಬಂದೆ. ನೀನು ಬಾಗಿಲಲ್ಲಿ ಕಾಲಿಟ್ಟ ಕೂಡಲೆ ಒಳಗಿದ್ದ ಹುಡುಗಿಯರೆಲ್ಲ ದಡದಡ ಎದ್ದು ನಿಂತು, “ನಮಸ್ಕಾರರಿ ಬಾಯಾರ!” ಎಂದರು. ನೀನು ಯಾರೋ ಶಿಕ್ಷಕಿ ಬಂದರೇನೋ ಎಂದು ಹಿಂದೆ ತಿರುಗಿ ನೋಡಿದೆ. ಹಿಂದೆ ನಾನೊಬ್ಬಳೇ ಇದ್ದೆ. ಆಗ ನಿನಗೆ ಹೊಳೆಯಿತು. ನಿನ್ನ ಮುಖ ಕೆಂಪಾಯಿತು, ಓಡಿಹೋಗುತ್ತೀಯೇನೋ ಎಂದು ನಾನು ಬಾಗಿಲಿಗೆ ಅಡ್ಡ ನಿಂತೆ. ನೀನು ಹಾಲ್‌ಟಿಕೆಟ್ ಎತ್ತಿ ತೋರಿಸಿ, “ಕೂಡ್ರಿವಾ, ಕೂಡ್ರಿ. ನಾನೂ ನಿಮ್ಮಾಂಗ ಹೆದರಿಕೊಂಡ ಬಂದೇನಿ” ಎಂದೆ. ಇಡೀ ಕೋಣೆ ನಕ್ಕಿತು. ಕೊನೆಯ ಬೆಂಚಿನ ಹುಡುಗಿಯೊಬ್ಬಳು ನಿನ್ನ ನಂಬರನ್ನು ಹುಡುಕಿಕೊಟ್ಟಳು.

ಗಣಿತದ ದಿನ ನೀನು ಹೊರಗೆ ಬಂದಾಗ ಮುಖ ಬಾಡಿತ್ತು. ಹ್ಯಾಂಗಾತು ಎಂದರೆ, “ಬರದೇನಿ. ಬರದದ್ದು ಗಣಿತ ಹೌದೋ ಅಲ್ಲೋ, ಅದು ತಿಳೀಲಿಲ್ಲ” ಎಂದೆ. ಉಳಿದುಕೊಂಡಿದ್ದ ನೆಂಟರ ಮನೆಗೆ ಹೋಗಲು ನಿನಗೆ ಮನಸ್ಸಿರಲಿಲ್ಲ. ಸುಮ್ಮನೆ ಪೇಟೆಯಲ್ಲಿ ಅಡ್ಡಾಡಿದೆವು. ಒಂದು ಓಣಿಯಲ್ಲಿ ಮುದ್ರಣಾಲಯದ ಬಾಗಿಲು ತೆರೆದಿತ್ತು. ಮಸಿಯ ವಾಸನೆ, ಯಂತ್ರದ ಖಟಖಟ. ಒಳಗೊಬ್ಬರು ನಿಂತು ಸೀಸದ ಅಕ್ಷರಗಳನ್ನು ಒಂದೊಂದಾಗಿ ಆರಿಸಿ ಜೋಡಿಸುತ್ತಿದ್ದರು. ನೀನು ಬಾಗಿಲಲ್ಲೇ ನಿಂತುಬಿಟ್ಟೆ. ಎಷ್ಟು ಹೊತ್ತು ನಿಂತೆಯೋ. “ಅಲ್ಲ ವಿಮಲೀ, ಹಿಂಗ ಒಂದೊಂದಽ ಇಟ್ಟು ಕಟ್ಟತಾರ, ನಾವು ಹಾಳಿ ಭರ್ರಂತ ತಿರುವಿ ಒಗೀತೀವಿ!” ಎಂದೆ. ಆ ಸಂಜೆ ನೀನು ಮತ್ತೆ ಗಣಿತದ ಮಾತೆತ್ತಲಿಲ್ಲ.

ಫಲಿತಾಂಶ ಪೇಪರಿನಲ್ಲಿ ಬಂತು. ನನ್ನ ನಂಬರು ಮೊದಲ ದರ್ಜೆಯಲ್ಲಿತ್ತು. ನಿನ್ನದು ಎಲ್ಲೂ ಇರಲಿಲ್ಲ. ಅಪ್ಪ ಬೆರಳಿಟ್ಟು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹುಡುಕಿದ. “ಇರ್ಲಿ ಬಿಡೋ ದತ್ತಣ್ಣಾ. ಹುಡುಗಿ ಪಾಸಾಗ್ಯಾಳ, ಸಿಹಿ ಮಾಡೂಣು” ಎಂದು ನೀನು ಎದ್ದೆ. ಅಷ್ಟು ತಿಂಗಳ ಮೇಲೆ ಅಂದು ಅಡಿಗೆಮನೆಗೆ ಹೋದೆ. ಅಜ್ಜಿ ತಡೆಯಲಿಲ್ಲ. ಸಜ್ಜಕ ಮಾಡಿ ಬಡಿಸಿದೆ. ನಿನ್ನ ಕಣ್ಣಲ್ಲಿ ನೀರಿರಲಿಲ್ಲ, ಅದನ್ನು ನೋಡಿಯೇ ನನಗೆ ಅಳು ಬಂತು.

ಅಜ್ಜಿ ತಾಟಿನ ಮುಂದೆ ಕುಳಿತಿದ್ದಳು. ನೀನು ಬಡಿಸಲೋ ಬೇಡವೋ ಎಂದು ಪಾತ್ರೆ ಹಿಡಿದು ನಿಂತೆ.

“ಹಾಕು” ಎಂದಳು ಅಜ್ಜಿ. ನನಗಲ್ಲ, ನಿನಗೇ. ನೀನು ಹಾಕಿದೆ. ಅವಳು ಒಂದು ತುತ್ತು ಬಾಯಿಗಿಟ್ಟು, ನುಂಗಿ, ನಿಧಾನವಾಗಿ ಕೇಳಿದಳು, “ಎಷ್ಟರಾಗ ಹೋತು?”

“ಗಣಿತದಾಗ ಇರಬೇಕು ಅವ್ವಾ. ಒಂದಽ ಅದು.”

“ಅಕ್ಟೋಬರದಾಗ ಮತ್ತ ಕಟ್ಟಲಿಕ್ಕೆ ಬರ್ತದಂತಲ್ಲ?”

ನೀನು ಪಾತ್ರೆಯಲ್ಲಿ ಸೌಟು ತಿರುವುತ್ತ ನಿಂತೆ.

“ಬರ್ತದೋ ಇಲ್ಲೋ?”

“ಬರ್ತದ.”

“ಮತ್ತ ಕಟ್ಟು. ಇಷ್ಟು ದಿನ ಉಪ್ಪು ತಪ್ಪಿದ ಸಾರು ಉಂಡಾರ ಮನೀಮಂದಿ, ಅದೇನು ಸುಮ್ಮನಽ?”

ಆಗ ನೀನು ಅತ್ತುಬಿಟ್ಟೆ. ಸಜ್ಜಕದ ಪಾತ್ರೆ ಹಿಡಿದುಕೊಂಡೇ, ನಿಂತಲ್ಲೇ ಅತ್ತೆ. ಅಜ್ಜಿ ತಲೆ ಎತ್ತದೆ ಉಣ್ಣುತ್ತಿದ್ದಳು.

ಅಕ್ಟೋಬರಿನಲ್ಲಿ ನಾನು ಗದಗಿನ ಕಾಲೇಜಿನಲ್ಲಿದ್ದೆ. ಮುಂಡರಗಿಯ ಬಸ್ಸಿನಿಂದ ನೀನು ಒಬ್ಬಳೇ ಇಳಿದೆ. ಜನ್ಮದಲ್ಲಿ ಮೊದಲ ಸಲ ಒಬ್ಬಳೇ ಬಸ್ಸು ಹತ್ತಿದವಳು, ಅಂಜಿರುತ್ತೀ ಎಂದು ನಾನು ಓಡಿಬಂದರೆ, ನಿನ್ನ ತೋರುಬೆರಳು ಪುಸ್ತಕದ ನಡುವೆ ಸಿಕ್ಕಿಕೊಂಡಿತ್ತು. “ಡಂಬಳ ಯಾವಾಗ ದಾಟಿತೋ ಏನೋ” ಎಂದೆ. ಆ ಸಲ ಪಾಸಾದೆ. ನಿನ್ನ ಮಾರ್ಕ್ಸ್ ಕಾರ್ಡು ಅಂಚೆಗೆ ಬಂದ ದಿನ ಅಪ್ಪ ಬಟವಾಡೆಯವನಿಗೆ ಕೊಡದೆ, ಬಿಸಿಲಲ್ಲಿ ತಾನೇ ಓಡುತ್ತ ಮನೆಗೆ ತಂದನಂತೆ. “ಸಹಿ ಮಾಡಿದ್ರನಽ ಕೊಡೂದು” ಎಂದು ಹಟ ಹಿಡಿದು, ನಿನ್ನಿಂದ ಪೂರ್ಣ ಹೆಸರು ಬರೆಸಿಕೊಂಡನಂತೆ. ಅಮ್ಮ ಇದನ್ನು ಈಗಲೂ ಹೇಳುತ್ತಾಳೆ.

ಶಿರಹಟ್ಟಿ ಹತ್ತಿರದ ಮಾಗಡಿಯ ಬಾಲವಾಡಿಗೆ ನಿನ್ನನ್ನು ಬಾಯಾರಾಗಿ ಕರೆದಾಗ ಎಲ್ಲರಿಗೂ ಚಿಂತೆ, ಒಬ್ಬಳೇ ಹೇಗಿರುವುದು ಎಂದು. ಅಜ್ಜಿ ತನ್ನ ಜಪಮಾಲೆ, ಮಡಿಸೀರೆ, ಸ್ಟೋವನ್ನು ಚೀಲಕ್ಕೆ ತುಂಬಿ ನಿನಗಿಂತ ಮೊದಲು ಬಾಗಿಲಲ್ಲಿ ನಿಂತಿದ್ದಳು. ನೆರೆಮನೆಯವರು ಎಲ್ಲಿಗೆ ಎಂದರೆ, “ಅಲ್ಲಿ ದೇಶಾಂತರದ ಹಕ್ಕಿ ಬರ್ತಾವಂತ, ನೋಡಲಿಕ್ಕೆ ಹೊಂಟೇನಿ” ಎಂದಳು. ಹೋದವಳು ಮತ್ತೆ ತಿರುಗಿ ಬರಲಿಲ್ಲ. ಏಳು ವರ್ಷ ನಿನ್ನ ಕಟ್ಟೆಯ ಮೇಲೆ ಕುಳಿತು, ತಡವಾಗಿ ಬಂದ ಕೂಸುಗಳನ್ನು ಗದರಿಸಿ, ಅಲ್ಲೇ ಕಣ್ಣು ಮುಚ್ಚಿದಳು.

ರಜೆಯಲ್ಲಿ ಬಂದಾಗ ನಾನು ನೋಡಿದ್ದೇನೆ. ಸಂಜೆ ಹೊಲದ ಕೆಲಸ ಮುಗಿಸಿ ಹೆಂಗಸರು ನಿನ್ನ ಅಂಗಳಕ್ಕೆ ಬರುತ್ತಾರೆ. ಸ್ವಲ್ಪ ಹೊತ್ತು ಪಾಟಿ, ಬಳಪ. ಆಮೇಲೆ ನೀನು ಕಾದಂಬರಿ ತೆಗೆಯುತ್ತೀಯ. ಅವರಲ್ಲಿ ಸಾವಂತ್ರೆವ್ವ ಶಿರಹಟ್ಟಿಯ ಬಸ್ಸಿನ ಬೋರ್ಡನ್ನು ತಾನೇ ಓದಿ ಹತ್ತಿದ ದಿನ ನಿನಗೆ ತೆಂಗಿನಕಾಯಿ ತಂದುಕೊಟ್ಟದ್ದನ್ನು ನೀನೇ ಬರೆದಿದ್ದೆ.

ಇನ್ನು ನಿನ್ನ ಪ್ರಶ್ನೆ. ಖರೆ ಹೇಳಲೇ ಅತ್ಯಾ? ನಿನ್ನ ಪತ್ರ ಓದಿದ ದಿನ, ಬಾ ಎಂದೇ ಬರೆಯಬೇಕೆಂದಿದ್ದೆ. ನಿನ್ನ ಕೋಣೆಯ ಕಿಟಕಿಯ ಕೆಳಗೆ ಪುಸ್ತಕದ ಕಪಾಟನ್ನೂ ಸರಿಸಿಟ್ಟೆ. ಶಾಲೆಯಿಂದ ಬಂದ ಕೂಡಲೆ ನಿನ್ನ ಮುಂದೆ ಕುಳಿತು ಹರಟಬಹುದೆಂಬ ಆಸೆ. ಆದರೆ ಮೊನ್ನೆ ಒಂದು ಸಂಗತಿ ನಡೆಯಿತು.

ಸಂಜೆ ನಿನ್ನ ಅಂಗಳಕ್ಕೆ ಬರುವ ಕರಿಯವ್ವ ಬೆಟಗೇರಿಗೆ ಬಂದಿದ್ದಳು, ಮಗಳು ದೇವವ್ವನಿಗೆ ಸೀರೆ ಕೊಳ್ಳುವ ನೆಪದಲ್ಲಿ. ಮನೆ ಹುಡುಕಿಕೊಂಡು ಬಂದು ಅಂಗಳದಲ್ಲಿ ನಿಂತಳು. ಅಪ್ಪ ಕಟ್ಟೆಯ ಮೇಲೆ ಕುಳಿತಿದ್ದ.

“ಬಾಯಾರು ಮಾಗಡಿ ಬಿಡ್ತಾರಂತ ಖಬರ ಐತಿ. ಹೌದೇನ್ರಿ?” ಎಂದಳು.

“ಅಲ್ಲಿ ಒಬ್ಬಾಕಿನಽ ಇರ್ತಾಳವಾ. ನಮಗ ಚಿಂತಿ” ಎಂದ ಅಪ್ಪ.

“ಬ್ಯಾಡ ಅನ್ನಾಕ ನಾವು ಯಾರ್ರಿ? ನೀವು ಅಣ್ಣಾರು. ಜೋಡಿಗೆ ಬೇಕಂದ್ರ ನನ್ನ ಮಗಳು ದಿನಾ ಅವರ ಮನ್ಯಾಗಽ ಮಲಗ್ತಾಳ, ಓದಿಕೋತಾಳ. ಅದನ್ನ ಹೇಳಾಕ ಬಂದ್ನಿ. ಮತ್ತ, ಕತಿ ನಡು ಐತ್ರಿ. ನಡು ಬಿಟ್ಟು ಹೊಂಟ್ರ ನಾವೇನ ಮಾಡೂದು?”

ಅಪ್ಪ ಸುಮ್ಮನೆ ಸೌಜನ್ಯಕ್ಕೆ ಕೇಳಿದ, “ಏನ ಕತಿ ಅದು?”

ಕರಿಯವ್ವ ಸೆರಗು ಕಟ್ಟಿಕೊಂಡು ಮೆಟ್ಟಿಲ ಮೇಲೆ ಕುಳಿತಳು. ಹೇಳಲು ಶುರು ಮಾಡಿದಳು. ಅತ್ಯಾ, ನಿನ್ನ ದನಿಯ ಏರಿಳಿತ, ನೀನು ನಿಲ್ಲಿಸುವ ಜಾಗ, ಎಲ್ಲ ಅವಳಿಗೆ ಬಂದಿವೆ. ಅಮ್ಮ ಒಲೆ ಆರಿಸಿ ಹೊರಗೆ ಬಂದಳು. ಗೋಪಾಲ ಆಟ ಬಿಟ್ಟು ಬಂದ. ಇಷ್ಟು ವರ್ಷ ಲಕೋಟೆಯ ಮೇಲಿನ ವಿಳಾಸ ಬಿಟ್ಟು ಮತ್ತೇನನ್ನೂ ಓದದ ಅಪ್ಪ, ಎಲೆಯಡಿಕೆಯ ತಟ್ಟೆಯನ್ನು ಮುಟ್ಟದೆ ಕುಳಿತುಬಿಟ್ಟ. ತಂಗಿಯನ್ನು ಹುಡುಕಿಕೊಂಡು ಹೊರಟ ಆ ಅಣ್ಣ ಹೊಳೆಯ ದಂಡೆಗೆ ಬಂದ, ದೋಣಿ ಆಚೆ ದಡದಲ್ಲಿತ್ತು ಎಂಬಲ್ಲಿಗೆ ಕರಿಯವ್ವ ನಿಲ್ಲಿಸಿದಳು.

“ಮುಂದ?” ಎಂದ ಅಪ್ಪ.

“ಮುಂದ ನಮಗೇನ ಗೊತ್ರಿ? ಅಲ್ಲೀತನಕ ಓದ್ಯಾರ ಬಾಯಾರು.”

“ತಂಗಿ ಸಿಗ್ತಾಳಿಲ್ಲೋ?”

“ಅದನ್ನ ಬಾಯಾರನ್ನಽ ಕೇಳ್ರಿ.”

ಕರಿಯವ್ವ ಬಸ್ಸಿಗೆ ಹೊತ್ತಾಯಿತೆಂದು ಹೋದಳು. ಅಪ್ಪ ಬಹಳ ಹೊತ್ತು ಕಟ್ಟೆಯ ಮೇಲೇ ಇದ್ದ. ನಾನು ದೀಪ ಹಚ್ಚಲು ಬಂದಾಗ, ನನ್ನ ಮುಖ ನೋಡದೆ ಹೇಳಿದ, “ಆಕಿನ್ನ ಅಲ್ಲಿಂದ ಕೀಳೂದು ಬ್ಯಾಡ ವಿಮಲೀ. ಕೋಣಿ ಹಂಗಽ ಇರ್ಲಿ, ಶಾಲೀ ಸೂಟಿಗೆ ಬರ್ಲಿ.” ಎಲೆಯಡಿಕೆಯ ತಟ್ಟೆ ಎಳೆದುಕೊಂಡು, “ಮುಂದಿನ ರವಿವಾರ ಮಾಗಡಿಗೆ ಬಸ್ಸು ಎಷ್ಟಕ್ಕದ ಕೇಳಿಕೊಂಡು ಬಾ. ನಾನೂ ಬರ್ತೀನಿ” ಎಂದ.

ಆದ್ದರಿಂದ ಅತ್ಯಾ, ಬರಬೇಡ. ನಿನ್ನನ್ನು ಇಷ್ಟು ಪ್ರೀತಿಯಿಂದ ಬೇಡ ಎನ್ನುವವಳು ನಾನೊಬ್ಬಳೇ ಇರಬೇಕು. ಬರುವ ರವಿವಾರ ನಾವು ಬರುತ್ತೇವೆ. ಅಪ್ಪನಿಗೆ ಹೆಂಗಸರ ನಡುವೆ ಕೂಡಲು ನಾಚಿಕೆಯಾದೀತು, ಅಂಗಳದ ಅಂಚಿನಲ್ಲಿ ಒಂದು ಚಾಪೆ ಹಾಕಿಡು. ಅವನು ಬರುವವರೆಗೆ ಮುಂದಿನ ಅಧ್ಯಾಯ ತೆರೆಯಬೇಡ.

ನಿನ್ನ ದನಿ ಗಟ್ಟಿಯಾಗಿರಲಿ, ಕಣ್ಣಿನ ಬೆಳಕು ಕುಂದದಿರಲಿ ಎಂದು ವೀರನಾರಾಯಣನನ್ನು ಬೇಡಿಕೊಳ್ಳುವ,

ನಿನ್ನ
ವಿಮಲಿ